ಪದಚರ್ಚೆ: ಇರುವೆಯ ಪೆಟಿಯೋಲ್‌ಗೆ ‘ತೊಟ್ಟು’ ನಡೆದೀತೆ?

ಪ್ರಶ್ನೆ, ಧಾರವಾಡದಿಂದ:
ಫಿಜಿ ದ್ವೀಪಗಳಲ್ಲಿ ಮಾತ್ರ ಇರುವ ಪೊಯ್ಸಿಲೊಮಿರ್ಮಾ ಕುಲದ ಇರುವೆಗಳ ‘ಗುರುತಿನ ಕೀಲಿ’ಯನ್ನು (ಲಕ್ಷಣ ನೋಡುತ್ತಾ ಹೆಸರು ಪತ್ತೆಹಚ್ಚುವ ಸಾಲುಗಳ ಪಟ್ಟಿಯನ್ನು) ಬಿ.ಎಸ್ಸಿ. ಹುಡುಗರಿಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇವೆ. 1921ರಲ್ಲಿ ಕೀಟತಜ್ಞ ಮ್ಯಾನ್ ಹೆಸರಿಟ್ಟ ಕುಲ ಇದು. ಎದೆಯ ಹಿಂದಿನ ಸಪೂರ ಖಂಡವಾದ ಪೆಟಿಯೋಲ್‌ಗೆ ಸಸ್ಯಶಾಸ್ತ್ರದ ‘ತೊಟ್ಟು’, ಹಿಂದಿನ ದಪ್ಪ ಭಾಗವಾದ ಗ್ಯಾಸ್ಟರ್‌ಗೆ ‘ಹೊಟ್ಟೆ’, ಪ್ರಭೇದಕ್ಕೆ ಹೆಸರಿಡುವಾಗ ಆಧಾರವಾಗಿಟ್ಟ ಇರುವೆಗೆ, ಅಂದರೆ ಹೋಲೊಟೈಪ್‌ಗೆ, ‘ಮಾದರಿ’ ಎಂದು ಹಾಕಿದ್ದೇವೆ. ಸರಿಯೇ?

ಉತ್ತರ, ಗದಗದಿಂದ:
ಸರ್, ಮೂರೂ ತೊಡಕಿನವೇ. ಹೆಚ್ಚು ಕಾಡುವುದು ‘ಹೊಟ್ಟೆ’. ಇರುವೆಯ ಉದರದ ಮೊದಲ ಖಂಡ ಎದೆಗೆ ಬೆಸೆದುಕೊಂಡಿರುತ್ತದೆ, ಅದು ಪ್ರೊಪೋಡಿಯಂ. ಎರಡನೆಯದು ಪೆಟಿಯೋಲ್. ಈ ಕುಲ ಸೇರಿರುವ ಮಿರ್ಮಿಸಿನೆ ಉಪಕುಟುಂಬದಲ್ಲಿ ಮೂರನೆಯದೂ ಕಿರಿದಾಗಿ ಪೋಸ್ಟ್‌ಪೆಟಿಯೋಲ್ ಆಗಿದೆ. ಮಿಕ್ಕಿದ್ದು ಗ್ಯಾಸ್ಟರ್. ಅಂದರೆ ಗ್ಯಾಸ್ಟರಿನ ಮೊದಲ ಖಂಡ ಇಲ್ಲಿ ಉದರದ ನಾಲ್ಕನೆಯದು. ‘ಹೊಟ್ಟೆಯ ಮೊದಲ ಖಂಡದ ಮೇಲೆ ರೋಮ’ ಎಂದು ಬರೆದರೆ ಹುಡುಗರು ಮಸೂರವನ್ನು ಎಲ್ಲಿಗೆ ಹಿಡಿಯಬೇಕು? ಗ್ರೀಕಿನಲ್ಲಿ ಆ ಶಬ್ದದ ಅರ್ಥವೇ ಹೊಟ್ಟೆ, ಆ ಮಾತು ಬೇರೆ. ಗ್ಯಾಸ್ಟರ್ ಎಂದೇ ಇಡಿ.

ಪೆಟಿಯೋಲ್‌ನಲ್ಲಿ ಹಲವು ಸಲ ಎರಡು ಭಾಗ: ಮುಂದೆ ಸಪೂರ ಕಡ್ಡಿಯಂಥದು, ಹಿಂದೆ ಉಬ್ಬು. ‘ತೊಟ್ಟು’ ಆ ಕಡ್ಡಿಗೇ ಬೇಕಾಗುತ್ತದೆ, ಇಡೀ ಖಂಡಕ್ಕೆ ಖರ್ಚು ಮಾಡಬೇಡಿ. ಉಬ್ಬಿಗೆ ‘ಗಂಟು’, ಎದೆ-ಗ್ಯಾಸ್ಟರ್ ನಡುವಿನ ಒಟ್ಟು ಭಾಗಕ್ಕೆ ನಮ್ಮ ‘ಟೊಂಕ’ ಚೆನ್ನಾಗಿ ಹೊಂದುತ್ತದೆ. ಆಗ ಮೊದಲ ಸಾಲು ಹೀಗಾಗುತ್ತದೆ: ‘ಟೊಂಕದಲ್ಲಿ ಎರಡು ಗಂಟು’. ಒಂದೇ ಗಂಟಿದ್ದು, ಗ್ಯಾಸ್ಟರಿನ ತುದಿಯಲ್ಲಿ ದುಂಡು ರಂಧ್ರ ಕಂಡರೆ ಅದು ಫಾರ್ಮಿಸಿನೆ ಎಂಬ ಬೇರೆ ಉಪಕುಟುಂಬ. ಆದರೆ ಎರಡು ಗಂಟು ಕಂಡಾಕ್ಷಣ ಮಿರ್ಮಿಸಿನೆ ಎಂದು ನಿಲ್ಲಿಸುವಂತಿಲ್ಲ. ನಮ್ಮ ಮರಗಳ ಮೇಲೆ ಓಡಾಡುವ, ಇನ್ನೊಂದು ಉಪಕುಟುಂಬದ ಟೆಟ್ರಪೊನೆರಾ ಇರುವೆಗೂ ಎರಡಿವೆ, ಅದರ ಮೈ ಉದ್ದ, ಕಣ್ಣು ದೊಡ್ಡವು.

ಗಂಟು ಎಣಿಸುವುದು ಪಕ್ಕದ ನೋಟದಲ್ಲೇ ಎಂದೂ ಸೇರಿಸಿ. ಮೇಲಿಂದ ನೋಡಿದರೆ ಪೋಸ್ಟ್‌ಪೆಟಿಯೋಲ್ ಗ್ಯಾಸ್ಟರಿನ ಭಾಗವೆಂದೇ ಅನ್ನಿಸುವುದುಂಟು. ಮುಕ್ಕೋನ ಕಾಗದದ ಚೂಪಿಗೆ ಇರುವೆಯನ್ನು ಅಂಟಿಸುವಾಗ ಅಂಟು ನಡುಗಾಲು, ಹಿಂಗಾಲುಗಳ ಬುಡದಲ್ಲಷ್ಟೇ ಇರಲಿ. ಹೆಚ್ಚಾಗಿ ಹಿಂದಕ್ಕೆ ಹರಿದರೆ ಟೊಂಕದ ಅಡಿಭಾಗ ಮುಚ್ಚಿಹೋಗಿ, ಅಲ್ಲಿನ ಮುಳ್ಳು, ಏಣು ಯಾವುದೂ ಕಾಣುವುದಿಲ್ಲ.

‘ಮಾದರಿ’ ಸಂಗ್ರಹದ ಯಾವ ಇರುವೆಗೂ ಸಲ್ಲುವ ಮಾತು. ಹೋಲೊಟೈಪ್ ಒಂದೇ ಒಂದು, ಪ್ರಭೇದದ ಹೆಸರು ನಿಂತಿರುವುದು ಅದರ ಮೇಲೆ. ‘ಹೆಸರು ಹೊತ್ತ ಮಾದರಿ’ ಎಂದರೆ ಸಿಂಟೈಪ್ (ಒಟ್ಟಾಗಿ ಆಧಾರವಾದ ಹಲವು), ಲೆಕ್ಟೊಟೈಪ್ (ಅವುಗಳಿಂದ ಮುಂದೆ ಆರಿಸಿದ ಒಂದು) ಇವೂ ಒಳಗೆ ಬರುತ್ತವೆ. ಆದ್ದರಿಂದ ಇದನ್ನೂ ಹಾಗೇ ಬಿಡಿ.

ಅಂದಹಾಗೆ, ‘ಗುರುತಿನ ಕೀಲಿ’ ಅಂದರೆ ನಮ್ಮ ಕಡೆಯವರಿಗೆ ಬೀಗವಾಗುತ್ತದೆ. ನಿಮಗೆ ಬೇಕಾದದ್ದು ಕೀಲಿಕೈ.