‘ಅಜ್ಜನ ಮನೆ’ ಗುಂಪಲ್ಲಿ ಗ್ರಾಚ್ಯುಟಿ ಗಲಾಟೆ

ನಮ್ಮ ‘ಅಜ್ಜನ ಮನೆ’ ವಾಟ್ಸಾಪ್ ಗುಂಪಿನಲ್ಲಿ 43 ಜನ ಇದ್ದೇವೆ. ಮಾತಾಡುವವರು ಆರೇ ಜನ. ಮೊನ್ನೆ ಭಾನುವಾರ ಬೆಳಿಗ್ಗೆ 6:12ಕ್ಕೆ ಮೈಸೂರು ಚಿಕ್ಕಮ್ಮ ಗುಲಾಬಿ ಹೂವಿನ ಶುಭೋದಯ ಹಾಕಿದರು. 6:13ಕ್ಕೆ ಒಂದು ಫಾರ್ವರ್ಡ್ ಬಂತು. ನೆತ್ತಿಯ ಮೇಲೆ ಜೋಡಿ ಬಾಣ.

“ಬಾಸ್ ಕಾಟಕ್ಕೆ ಗುಡ್‌ಬೈ! ಹೊಸ ಕಾನೂನು ಬಂತು. ಒಂದೇ ವರ್ಷ ದುಡಿದರೆ ಸಾಕು, ಎಲ್ಲರಿಗೂ ಗ್ರಾಚ್ಯುಟಿ. ಆ ದುಡ್ಡಲ್ಲಿ ಸ್ವಂತ ಉದ್ಯೋಗ ಮಾಡಿ. ಬಡ್ಡಿಯಿಲ್ಲದ ಮುದ್ರಾ ಸಾಲ 20 ಲಕ್ಷ. 10 ಜನಕ್ಕೆ ಕಳಿಸಿ.”

ಗ್ರಾಚ್ಯುಟಿ ಅಂದರೆ ಕೆಲಸ ಬಿಡುವಾಗ ಕಂಪನಿ ಕೊಡುವ ಇಡುಗಂಟು. ಕೆಳಗೆ ಚಿಕ್ಕಮ್ಮನದೇ ಸಾಲು: “ನಮ್ಮ ಪುಟ್ಟನಿಗೆ ಉಪಯೋಗ ಆಗಬಹುದು ಅಂತ ಹಾಕಿದೆ.”

ಪುಟ್ಟ ನನ್ನ ಕೊನೇ ಚಿಕ್ಕಪ್ಪನ ಮಗ. ಬೆಂಗಳೂರಿನ ಒಂದು ಕಂಪನಿಯಲ್ಲಿ ಲೆಕ್ಕಪತ್ರ ನೋಡುತ್ತಾನೆ. ಬಾಸ್ ಸರಿಯಿಲ್ಲ ಅಂತ ಅವನು ಹೇಳಿದ್ದು ಒಂದೇ ಸಲ. ಅದೂ ಗೃಹಪ್ರವೇಶದ ಪಂಕ್ತಿಯಲ್ಲಿ, ನನ್ನ ಕಿವಿಗೆ. ಎಲೆಗೆ ಸಾರು ಬರುವಷ್ಟರಲ್ಲಿ ಮಾತು ಪಂಕ್ತಿಯ ಆ ತುದಿ ಮುಟ್ಟಿತ್ತು.

7:02ಕ್ಕೆ ಬ್ಯಾಂಕ್ ಭಾವ ಬಂದರು. ನಿವೃತ್ತರಾಗಿ ಆರು ವರ್ಷವಾದರೂ ಗುಂಪಿನಲ್ಲಿ ಅವರ ಕೌಂಟರ್ ಮುಚ್ಚಿಲ್ಲ.

“ಇದಕ್ಕೆ ಮೂಲ ಎಲ್ಲಿ? ಹೊಸ ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ಕ್ಕೆ ಜಾರಿಗೆ ಬಂದಿದ್ದು ನಿಜ. ಆದರೆ ಒಂದು ವರ್ಷದ ಲೆಕ್ಕ ನಿಗದಿತ ಅವಧಿಗೆ ಒಪ್ಪಂದದ ಮೇಲೆ ಸೇರಿದವರಿಗೆ ಮಾತ್ರ. ಕಾಯಂ ನೌಕರರಿಗೆ ಮೊದಲಿನ ಹಾಗೇ ಐದು ವರ್ಷ. ಮೂಲ ವೇತನ 26,000 ಅಂತ ಇಟ್ಟುಕೊಳ್ಳಿ. ವರ್ಷಕ್ಕೆ 15 ದಿನದ ಸಂಬಳ, ತಿಂಗಳಿಗೆ 26 ದಿನ ಅಂತ 26ರಿಂದ ಭಾಗಿಸಿ. ವರ್ಷಕ್ಕೆ 15,000. ಐದು ವರ್ಷಕ್ಕೆ 75,000. ಇದರಲ್ಲಿ ಯಾವ ಉದ್ಯೋಗ?”

ಮತ್ತೆ ಒಂದು ನಿಮಿಷಕ್ಕೆ: “ಮುದ್ರಾ ಅಂದರೆ ಸಾಲ, ದಾನ ಅಲ್ಲ. ಬಡ್ಡಿ ಇದೆ. ಶಿಶು 50,000ದವರೆಗೆ, ಕಿಶೋರ 5 ಲಕ್ಷ, ತರುಣ 10 ಲಕ್ಷ. ತರುಣ ಸಾಲ ಸರಿಯಾಗಿ ತೀರಿಸಿದವರಿಗೆ ಮಾತ್ರ 20 ಲಕ್ಷ.”

ನನಗೆ ಗೊತ್ತಿರುವ ಮಟ್ಟಿಗೆ ಆ ದಿನ ಗುಂಪಿನಲ್ಲಿ ಬಂದ ಕೆಲಸದ ಮಾತು ಇಷ್ಟೇ. ಯಾರೂ ಓದಲಿಲ್ಲ. ಚಿಕ್ಕಮ್ಮ ಕೈಮುಗಿದ ಇಮೋಜಿ ಹಾಕಿ, “ಒಳ್ಳೇದಕ್ಕೆ ಹಾಕಿದರೂ ತಪ್ಪು ಹುಡುಕ್ತೀರಿ ಭಾವ” ಅಂದರು.

8:20ಕ್ಕೆ ದೊಡ್ಡಪ್ಪ. ಅವರು ಧ್ವನಿ ಸಂದೇಶವೇ ಕಳಿಸುವುದು. ನಾಲ್ಕು ನಿಮಿಷ, ಹಿನ್ನೆಲೆಯಲ್ಲಿ ಕುಕ್ಕರ್ ಸೀಟಿ. ಸಾರಾಂಶ: ಅವರು 34 ವರ್ಷ ಒಂದೇ ಇಲಾಖೆಯಲ್ಲಿ ದುಡಿದರು. ಎಂಥೆಂಥ ಮೇಲಧಿಕಾರಿ ಬಂದರು, ಬೈದರು, ವರ್ಗವಾಗಿ ಹೋದರು. ತಗ್ಗಿ ಬಗ್ಗಿ ನಡೆದದ್ದಕ್ಕೇ ಇವತ್ತು ಪಿಂಚಣಿ ಬರುತ್ತಿದೆ. ಈಗಿನ ಹುಡುಗರಿಗೆ ತಾಳ್ಮೆ ಇಲ್ಲ.

ಆಗ ಪುಟ್ಟನ ಅಪ್ಪ, ನಮ್ಮ ಚಿಕ್ಕಪ್ಪ, ಎದ್ದರು. ವರ್ಷಕ್ಕೆರಡು ಸಲ ಗುಂಪಿನಲ್ಲಿ ಬರೆಯುವ ಮನುಷ್ಯ.

“1997ರಲ್ಲಿ ನಾನು ಎಸ್‌ಟಿಡಿ ಬೂತ್ ಹಾಕುವಾಗ ಬ್ಯಾಂಕಿನಲ್ಲಿ ಜಾಮೀನಿಗೆ ಸಹಿ ಕೇಳಿದ್ದೆ. ಪೆನ್ನಲ್ಲಿ ಇಂಕಿಲ್ಲ ಅಂತ ಹೇಳಿ ಎದ್ದು ಹೋದದ್ದು ಯಾರು ಅಣ್ಣಾ?”

ಹತ್ತು ನಿಮಿಷ ಎಲ್ಲರೂ ಗಪ್‌ಚುಪ್. ಮೇಲೆ ‘ಟೈಪ್ ಮಾಡುತ್ತಿದ್ದಾರೆ’ ಅಂತ ಬರುತ್ತಿತ್ತು, ಹೋಗುತ್ತಿತ್ತು. ಕೊನೆಗೆ ದೊಡ್ಡಪ್ಪ: “ಮೊಬೈಲ್ ಬಂದಮೇಲೆ ನಿನ್ನ ಬೂತ್ ಏನಾಯಿತು? ಸಹಿ ಹಾಕಿದ್ದರೆ ನನ್ನ ಗತಿ?”

“ಇಂಕಿನ ವಿಷಯ ಹೇಳು.”

ಇಷ್ಟರಲ್ಲಿ ಅಮೆರಿಕದ ಅಣ್ಣನಿಗೆ ಅಲ್ಲಿ ರಾತ್ರಿಯಾಗಿತ್ತು, ನಿದ್ದೆ ಬಂದಿರಲಿಲ್ಲ ಅಂತ ಕಾಣುತ್ತದೆ. “ನಮ್ಮ ಅಜ್ಜನೇ ಮೊದಲ ಉದ್ಯಮಿ ಅಲ್ವಾ?” ಅಂತ ಶುರು ಮಾಡಿದ. ಕಿರಾಣಿ ಅಂಗಡಿ, ಗಾಜಿನ ಭರಣಿಯಲ್ಲಿ ನಿಂಬೆಹುಳಿ ಪೆಪ್ಪರ್‌ಮಿಂಟು, ತೂಗುವ ತಕ್ಕಡಿ, ದಾರದಿಂದ ಕಟ್ಟಿದ ಪೇಪರ್ ಪೊಟ್ಟಣ. ಹಳೇ ಫೋಟೋ ಹಾಕಿದ. ಅತ್ತೆಯರಿಬ್ಬರು ಹೃದಯ ಒತ್ತಿದರು. ಫೋಟೋದಲ್ಲಿ ಅಜ್ಜಿಯ ಕೊರಳಲ್ಲಿದ್ದ ಅವಲಕ್ಕಿ ಸರ ಈಗ ಯಾರ ಹತ್ತಿರ ಇದೆ ಅಂತ ದೊಡ್ಡತ್ತೆ ಕೇಳಿದರು. ಅಲ್ಲಿಂದ ಮುಂದಿನ ಎರಡು ಗಂಟೆ ನಾನು ಬರೆಯುವುದಿಲ್ಲ.

ಅಂಗಡಿಯ ಉದ್ರಿ ಪುಸ್ತಕದಲ್ಲಿ ವಸೂಲಾಗದೆ ಉಳಿದ ಹೆಸರುಗಳ ಬಗ್ಗೆ ಮಾತ್ರ ಯಾರೂ ಮಾತೆತ್ತಲಿಲ್ಲ. ಅಜ್ಜ ಬಾಗಿಲು ಹಾಕಿದ್ದು ಅದಕ್ಕೇ.

ಸಂಜೆ ಪುಟ್ಟನಿಗೆ ಫೋನ್ ಮಾಡಿದೆ. “ಗುಂಪಾ? ಮ್ಯೂಟ್ ಮಾಡಿ ವರ್ಷ ಆಯ್ತಕ್ಕ” ಅಂದ.

ಅವನ ಬಾಸ್ ಕೂಗಾಡುವವನಲ್ಲವಂತೆ. ರಾತ್ರಿ 11:40ಕ್ಕೆ ವಾಟ್ಸಾಪ್‌ನಲ್ಲಿ ಬರೀ ಒಂದು ಪ್ರಶ್ನೆ ಗುರುತು ಕಳಿಸುತ್ತಾನೆ. ಯಾವ ಫೈಲು, ಯಾವ ಲೆಕ್ಕ, ಏನೂ ಇರುವುದಿಲ್ಲ. ಉತ್ತರ ತಡವಾದರೆ ಇನ್ನೊಂದು ಪ್ರಶ್ನೆ ಗುರುತು. ಬೆಳಿಗ್ಗೆ ಎಲ್ಲರ ಎದುರು, “ನಿಮಗೆ ಕೆಲಸ ಬೇಕಾಗಿಲ್ಲ ಅನ್ಸುತ್ತೆ” ಅಂತ ನಗುತ್ತಾ ಹೇಳುತ್ತಾನೆ. “ಬೈದಿದ್ದರೆ ವಾಸಿ ಇತ್ತಕ್ಕ. ಈಗ ಫೋನ್ ಕಿಣಿ ಅಂದ್ರೆ ಹೊಟ್ಟೆ ಹಿಂಡುತ್ತೆ.”

ಆದರೆ ಹುಡುಗ ಸುಮ್ನೆ ಕೂತಿಲ್ಲ. 2025ರ ಜುಲೈನಲ್ಲಿ ಬೇಕರಿ, ಕಾಂಡಿಮೆಂಟ್ಸ್‌ನವರಿಗೆ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕೊಟ್ಟಿತ್ತಲ್ಲ, ಆಗ ಅವನ ಬೀದಿಯ ಅಂಗಡಿಯವರು ಕಾಗದ ಹಿಡಿದು ಇವನ ಮನೆಗೆ ಬಂದರಂತೆ. ವರ್ಷದ ಮಾರಾಟ 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು, ಹಾಲು ತರಕಾರಿಗೆ ತೆರಿಗೆ ಇಲ್ಲ, ಇಷ್ಟು ಬಿಡಿಸಿ ಹೇಳಿದ. ಈಗ ಆರು ಅಂಗಡಿಯ ಲೆಕ್ಕ ಭಾನುವಾರ ಬರೆಯುತ್ತಾನೆ. ಅಂಗಡಿಗೆ ತಿಂಗಳಿಗೆ 1,500. ಇಪ್ಪತ್ತು ಅಂಗಡಿ ಆದರೆ ರಾಜೀನಾಮೆ ಕೊಡುವ ಯೋಚನೆ. ಐದು ವರ್ಷ ತುಂಬಲು ಹತ್ತು ತಿಂಗಳು ಬಾಕಿ ಅನ್ನುವುದೂ ಅವನ ಲೆಕ್ಕದಲ್ಲಿದೆ. ಭಾವನಿಗಿಂತ ಮೊದಲೇ ಭಾಗಿಸಿ ಇಟ್ಟುಕೊಂಡಿದ್ದಾನೆ.

ಗುಂಪಿನಲ್ಲಿ ಇದನ್ನೆಲ್ಲ ಹೇಳಲಾ ಅಂದೆ. “ಬೇಡ ಮಾರಾಯ್ತಿ” ಅಂದ.

ರಾತ್ರಿ 9:40ಕ್ಕೆ ದೊಡ್ಡಪ್ಪ ಅವನ ಹೆಸರು ಟ್ಯಾಗ್ ಮಾಡಿ ಬರೆದರು: “ಬೆಳಿಗ್ಗೆಯಿಂದ ನಿನ್ನ ಸಲುವಾಗಿ ಇಷ್ಟು ಜನ ಮಾತಾಡ್ತಿದ್ದೇವೆ. ಒಂದು ಉತ್ತರ ಇಲ್ಲ.” ಮ್ಯೂಟ್ ಮಾಡಿದ್ದರೂ ಹೆಸರು ಹಿಡಿದು ಕರೆದರೆ ಫೋನ್ ಕಿಣಿ ಅನ್ನುತ್ತದೆ.

9:52ಕ್ಕೆ ಮತ್ತೆ ದೊಡ್ಡಪ್ಪ, ಮತ್ತೆ ಅವನ ಹೆಸರು, ಮುಂದೆ ಬರೀ:

“?”

9:53ಕ್ಕೆ ಪುಟ್ಟ ಗುಂಪು ಬಿಟ್ಟ.

9:55ಕ್ಕೆ ಮೈಸೂರು ಚಿಕ್ಕಮ್ಮ: “ಅಯ್ಯೋ, ಪುಟ್ಟನನ್ನ ತೆಗೆದವರು ಯಾರು?” ಗುಂಪಿಗೆ ಅಡ್ಮಿನ್‌ಗಳು ಇಬ್ಬರು, ದೊಡ್ಡಪ್ಪ ಮತ್ತು ಬ್ಯಾಂಕ್ ಭಾವ. ಹನ್ನೊಂದೂವರೆಯವರೆಗೂ ಅದೇ ನಡೆಯಿತು.