ಟೆನ್ಷನ್ ಸ್ಕ್ರೂ ಫುಲ್ ಟೈಟ್, ಆದ್ರೂ ಹೋಲ್‌ಸ್ಟರ್‌ನಲ್ಲಿ ಗನ್ ಲೂಸ್

ಪ್ರಶ್ನೆ:
ಎಲ್ರಿಗೂ ನಮಸ್ಕಾರ. ನನ್ನದು ಕೈಡೆಕ್ಸ್ (ಗಟ್ಟಿ ಪ್ಲಾಸ್ಟಿಕ್) ಹೋಲ್‌ಸ್ಟರ್, ಅಂದ್ರೆ ಬೆಲ್ಟ್‌ಗೆ ಹಾಕೋ ಗನ್ ಚೀಲ, ಶೂಟಿಂಗ್ ಮ್ಯಾಚ್‌ನ ಪ್ರೊಡಕ್ಷನ್ ಡಿವಿಷನ್ ಅನ್ನೋ ವಿಭಾಗಕ್ಕೆ ಬಳಸ್ತೀನಿ. ಟ್ರಿಗರ್ ಗಾರ್ಡ್ ಹತ್ರ ಎರಡು ಟೆನ್ಷನ್ ಸ್ಕ್ರೂ, ಪದರಗಳ ಮಧ್ಯೆ ರಬ್ಬರ್ ವಾಷರ್. ಹೊಸದ್ರಲ್ಲಿ ಗನ್ ಇಳಿಸಿದ್ರೆ ಟಕ್ ಅಂತ ಕೂರ್ತಿತ್ತು, ಈಗ ಎರಡು ವಾರದಿಂದ ಆ ಸದ್ದೇ ಇಲ್ಲ, ಓಡುವಾಗ ಗನ್ ಅಲ್ಲಾಡೋದು ಸೊಂಟಕ್ಕೇ ಗೊತ್ತಾಗುತ್ತೆ. ಅಲೆನ್ ಕೀ ಬೆರಳಿಗೆ ಅಚ್ಚೊತ್ತೋವಷ್ಟು ಟೈಟ್ ಮಾಡಿದೀನಿ, ಹಿಡಿತ ಮಾತ್ರ ಹಂಗೇ ಇದೆ. ಒಂದು ಸ್ಕ್ರೂ ಹಿಂದಿನ ನಟ್ ಬೇರೆ ಜೊತೆಗೇ ಸುತ್ತುತ್ತೆ. ಹೇರ್ ಡ್ರೈಯರ್‌ನಲ್ಲಿ ಬಿಸಿ ಮಾಡಿ ಒತ್ತಿಬಿಡ್ಲಾ? ಭಾನುವಾರ ಮ್ಯಾಚ್ ಇದೆ.

ಉತ್ತರ:
ಬಿಸಿ ಮಾತ್ರ ಮಾಡ್ಬೇಡಿ ಸರ್. ಎಲ್ಲೋ ಒಂದ್ಕಡೆ ಒತ್ತೋಕೆ ಹೋಗಿ ಇನ್ನೊಂದ್ಕಡೆ ಬಾಗಿಬಿಟ್ರೆ ಡ್ರಾ ಮಾಡುವಾಗ (ಹೊರಗೆ ಎಳೆಯುವಾಗ) ಗನ್ ಸಿಕ್ಕಾಕ್ಕೊಳ್ಳುತ್ತೆ, ಆಮೇಲೆ ಅದನ್ನ ಸರಿ ಮಾಡೋದು ಕಷ್ಟ.

ಮೊದಲು ಮ್ಯಾಗಜೀನ್ ತೆಗೀರಿ, ಚೇಂಬರ್ (ಗುಂಡು ಕೂರೋ ಜಾಗ) ಕಣ್ಣಲ್ಲೂ ನೋಡಿ ಬೆರಳಲ್ಲೂ ಮುಟ್ಟಿ ನೋಡಿ, ರೌಂಡ್ಸ್ (ಗುಂಡುಗಳು) ಎಲ್ಲಾ ಬೇರೆ ರೂಮಲ್ಲಿಡಿ. ಆಮೇಲೇ ಹೋಲ್‌ಸ್ಟರ್ ಕೆಲಸ.

ಈಗ ಟೈಟ್ ಆಗಿರೋ ಸ್ಕ್ರೂ ಹತ್ರ ಆ ರಬ್ಬರ್‌ನ ಉಗುರಲ್ಲಿ ತಿರುಗಿಸಿ ನೋಡಿ. ಸಲೀಸಾಗಿ ತಿರುಗಿದ್ರೆ ಸಮಸ್ಯೆ ಸಿಕ್ತು ಅನ್ಕೊಳ್ಳಿ. ಹಿಂದಿನ ನಟ್‌ನ ಒಂದು ತುದಿ ಮುಚ್ಚಿರುತ್ತಲ್ವಾ, ಸ್ಕ್ರೂ ತುದಿ ಹೋಗಿ ಆ ತಳಕ್ಕೆ ತಾಗಿ ನಿಂತಿದೆ, ಅದಕ್ಕೇ ಕೈಗೆ ಟೈಟ್ ಅನ್ಸುತ್ತೆ, ಆದ್ರೆ ಪದರಗಳನ್ನ ಅದು ಅಮುಕ್ತಾನೇ ಇಲ್ಲ. ರಬ್ಬರ್ ದಿನಾ ಅಮುಕಿಸ್ಕೊಂಡು ಚಪ್ಪಟೆಯಾಗಿದೆ, ಹಾಗಾಗಿ ಸ್ಕ್ರೂ ಈಗ ಉದ್ದ ಜಾಸ್ತಿ. ಹೊಸ ರಬ್ಬರ್ ಹಾಕಿ, ಸಿಗ್ದಿದ್ರೆ ಸ್ಕ್ರೂ ತಲೆ ಕೆಳಗೆ ಒಂದು ತೆಳು ವಾಷರ್ ಸಾಕು. ನಂಗೂ ಇದೇ ಆಗಿತ್ತು, ಅದು ಗೊತ್ತಾಗದೆ ಒಂದು ಸ್ಕ್ರೂ ತಲೇನೇ ಹಾಳು ಮಾಡ್ಕೊಂಡೆ.

ಸುತ್ತೋ ನಟ್‌ಗೆ ಸೀಳು ಇದ್ರೆ ಚಪ್ಪಟೆ ಸ್ಕ್ರೂಡ್ರೈವರ್ ಹಾಕಿ ಹಿಡೀರಿ, ಇಲ್ಲಾಂದ್ರೆ ರಬ್ಬರ್ ಗ್ಲೌಸ್ ತುಂಡು ಹೆಬ್ಬೆರಳಿಗೆ ಇಟ್ಕೊಂಡು ಗಟ್ಟಿಯಾಗಿ ಒತ್ತಿ. ಕೀ ಅಳತೇನೂ ನೋಡ್ಕೊಳ್ಳಿ. 8-32 ಅನ್ನೋ ಇಂಚು ಅಳತೆ ಥ್ರೆಡ್‌ನ ಬಟನ್ ಹೆಡ್ (ಗುಂಡು ತಲೆ) ಸ್ಕ್ರೂ ಆದ್ರೆ 3/32 ಇಂಚಿನ ಕೀ ಬೇಕು, 2 ಎಂಎಂ ಕೀ ಹಾಕಿದ್ರೆ ಒಳಗಿನ ಮೂಲೆಗಳು ಸವೆದುಹೋಗ್ತವೆ.

ಹೊಂದಿಸುವಾಗ ಎರಡನ್ನೂ ಕಾಲು ಸುತ್ತು, ಕಾಲು ಸುತ್ತು ಅಷ್ಟೇ. ಪ್ರತಿ ಸಲ ಖಾಲಿ ಗನ್ ಇಳಿಸಿ, ಹಾಸಿಗೆ ಮೇಲೆ ಹೋಲ್‌ಸ್ಟರ್ ತಲೆಕೆಳಗೆ ಹಿಡಿದು ಕುಲುಕಿ, ಬೀಳಬಾರ್ದು, ಆದ್ರೆ ಎಳೆದಾಗ ಬೆಲ್ಟ್ ಕೂಡ ಮೇಲೆ ಬರಬಾರ್ದು. ಸರಿ ಅನ್ಸಿದ್ಮೇಲೆ ಸ್ಕ್ರೂ ಬಿಚ್ಚಿ ಎಣ್ಣೆ ಒರೆಸಿ, ನೀಲಿ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲ ಆಗದಂತೆ ಹಿಡಿಯೋ ಅಂಟು) ಒಂದೇ ಒಂದು ಹನಿ ಥ್ರೆಡ್‌ಗೆ ಹಾಕಿ. ಕೆಂಪು ಬೇಡ. ಅಂಟು ಪ್ಲಾಸ್ಟಿಕ್‌ಗೆ ತಾಗಿದ್ರೆ ಪ್ಲಾಸ್ಟಿಕ್ ಬಿರುಕು ಬಿಡಬಹುದು, ತಕ್ಷಣ ಒರೆಸಿ. ಪೂರ್ತಿ ಗಟ್ಟಿಯಾಗೋಕೆ 24 ಗಂಟೆ ಬೇಕು, ಅದಕ್ಕೆ ಶುಕ್ರವಾರ ರಾತ್ರೀನೇ ಮುಗಿಸಿ. ಸ್ಕ್ರೂ ತಲೆಯಿಂದ ಕೈಡೆಕ್ಸ್ ಮೇಲಕ್ಕೆ ಪೇಂಟ್ ಪೆನ್ನಲ್ಲಿ ಒಂದು ಗೆರೆ ಎಳೆದಿಡಿ, ಸಡಿಲ ಆದ್ರೆ ಗೆರೆ ತಪ್ಪಿರೋದು ಕಾಣುತ್ತೆ.

ಮ್ಯಾಚ್‌ನ ಸ್ಟೇಜ್ (ಒಂದು ಸುತ್ತು) ಮಧ್ಯೆ ಗನ್ ಬಿದ್ರೆ ಖಾಲಿ ಇದ್ರೂ ಡಿಕ್ಯೂ ಸರ್, ಅಂದ್ರೆ ಸ್ಪರ್ಧೆಯಿಂದ ಹೊರಗೆ, ಅನುಮಾನ ಉಳಿದ್ರೆ ಬೇರೆ ಹೋಲ್‌ಸ್ಟರ್ ಕೇಳಿ ತಗೊಳ್ಳಿ.

ಪ್ರಶ್ನೆ ಕೇಳಿದವರು:
ರಬ್ಬರ್ ಬುಗುರಿ ಥರ ತಿರುಗ್ತಿತ್ತು ಸರ್! ವಾಷರ್ ಹಾಕಿದೆ, ಅರ್ಧ ಸುತ್ತಿಗೇ ಟಕ್ ಅಂತು. ಸುತ್ತೋ ನಟ್‌ಗೆ ಸೀಳಿಲ್ಲ, ಗ್ಲೌಸ್ ತುಂಡೇ ಕೆಲಸಕ್ಕೆ ಬಂತು. ಇವತ್ತು ರಾತ್ರಿ ಥ್ರೆಡ್‌ಲಾಕರ್ ಹಾಕ್ತೀನಿ.