ತಪ್ಪು ಮಾಡಿಲ್ಲ ಎನ್ನುವ ಅತ್ಯಾಚಾರ ಅಪರಾಧಿಯ ಅವಧಿಪೂರ್ವ ಬಿಡುಗಡೆ: ನಿಮ್ಮ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ (ಶಿಕ್ಷಕಿ, ದಾವಣಗೆರೆ): ಬಿಲ್ಕಿಸ್ ಬಾನು ಪ್ರಕರಣದ (2002ರ ಗುಜರಾತ್ ಗಲಭೆಯ ವೇಳೆಯ ಸಾಮೂಹಿಕ ಅತ್ಯಾಚಾರ, ಕೊಲೆ) 11 ಅಪರಾಧಿಗಳನ್ನು 2022ರ ಆಗಸ್ಟ್ 15ರಂದು ಬಿಟ್ಟಾಗಿನಿಂದ ನಮ್ಮ ಸಹೋದ್ಯೋಗಿಗಳಲ್ಲಿ ಒಂದು ವಾದ ನಡೆಯುತ್ತಲೇ ಇದೆ. ಮಾಡಿದ ತಪ್ಪನ್ನೇ ಒಪ್ಪದವನಿಗೆ ಸನ್ನಡತೆ ಎಲ್ಲಿಂದ ಬಂತು ಅಂತ ಕೆಲವರು. ನಿಜವಾಗಿ ನಿರಪರಾಧಿಯಾಗಿದ್ದವನು ಹೊರಗೆ ಬರಲಿಕ್ಕೆ ಸುಳ್ಳು ಒಪ್ಪಿಗೆ ಕೊಡಬೇಕೇ ಅಂತ ಇನ್ನು ಕೆಲವರು. ನಮ್ಮ ಕಾನೂನಿನಲ್ಲಿ ತಪ್ಪೊಪ್ಪಿಗೆ ಒಂದು ಷರತ್ತೇ? ದಯವಿಟ್ಟು ತಿಳಿಸಿ.

ಉತ್ತರ (ವಕೀಲೆ, ಕ್ರಿಮಿನಲ್ ಪ್ರಾಕ್ಟೀಸ್): ಷರತ್ತಲ್ಲ. ಶಿಕ್ಷೆ ಮಾಫಿಯ ಅಧಿಕಾರ ಇರುವುದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 473ನೇ ಕಲಮಿನಲ್ಲಿ, ಅಂದರೆ ಹಳೆಯ ಸಿಆರ್‌ಪಿಸಿಯ 432ರಲ್ಲಿ. ಅಲ್ಲಿ ತಪ್ಪೊಪ್ಪಿಗೆಯ ಮಾತೇ ಇಲ್ಲ. ಲಕ್ಷ್ಮಣ್ ನಸ್ಕರ್ ಪ್ರಕರಣದಲ್ಲಿ (2000) ಸುಪ್ರೀಂ ಕೋರ್ಟ್ ಐದು ಅಂಶ ನೋಡಿ ಅಂದಿತು: ಅಪರಾಧ ಇಡೀ ಸಮಾಜಕ್ಕೆ ತಟ್ಟುವಂಥದ್ದೇ, ಮತ್ತೆ ಮಾಡುವ ಸಂಭವ ಇದೆಯೇ, ಅಪರಾಧ ಮಾಡುವ ಶಕ್ತಿ ಉಳಿದಿದೆಯೇ, ಇನ್ನೂ ಒಳಗಿಡುವುದರಿಂದ ಏನಾದರೂ ಸಾಧಿಸುತ್ತದೆಯೇ, ಮನೆಯವರ ಸ್ಥಿತಿ ಏನು. ಇವುಗಳಲ್ಲಿ ‘ಒಪ್ಪಿಕೊಂಡಿದ್ದಾನೆಯೇ’ ಎಂಬುದಿಲ್ಲ.

ಮಾಫಿ ಸಿಕ್ಕರೂ ಅಪರಾಧಿ ಎಂಬ ತೀರ್ಪು ಅಳಿಸುವುದಿಲ್ಲ, ಉಳಿದ ಶಿಕ್ಷೆ ಮಾತ್ರ ಬಿಟ್ಟುಹೋಗುತ್ತದೆ. ಹಾಗಾಗಿ ಮಾಫಿ ಕೇಳಿದ ಮಾತ್ರಕ್ಕೆ ತಪ್ಪು ಒಪ್ಪಿಕೊಂಡಂತೆ ಆಗುವುದಿಲ್ಲ. ಮಾಫಿ ಕೊಟ್ಟ ಮಾತ್ರಕ್ಕೆ ಸರ್ಕಾರ ‘ಇವನು ನಿರಪರಾಧಿ’ ಎಂದಂತೆಯೂ ಅಲ್ಲ. ಟಿವಿ ಚರ್ಚೆಗಳಲ್ಲಿ ಈ ಎರಡನ್ನೂ ಕಲಸಿಬಿಡುತ್ತಾರೆ.

ಪ್ರಶ್ನೆ (ಅದೇ ಓದುಗರು): ಹಾಗಾದರೆ ‘ನಾನು ಮಾಡಿಲ್ಲ’ ಎನ್ನುವವನು ಅದನ್ನು ಹೇಳಬೇಕಾದದ್ದು ಎಲ್ಲಿ?

ಉತ್ತರ (ವಕೀಲೆ): ಮೊದಲು ಹೈಕೋರ್ಟ್ ಮೇಲ್ಮನವಿ, ಆಮೇಲೆ ಸುಪ್ರೀಂ ಕೋರ್ಟ್, ಪುನರ್ ಪರಿಶೀಲನಾ ಅರ್ಜಿ, ತೀರಾ ಅಪರೂಪಕ್ಕೆ ಕ್ಯುರೇಟಿವ್ ಅರ್ಜಿ (ಸುಪ್ರೀಂ ಕೋರ್ಟಿನ ಮುಂದಿನ ಕೊನೆಯ ಅರ್ಜಿ). ಇದೆಲ್ಲ ಮುಗಿದ ಮೇಲೂ ಒಂದು ಬಾಗಿಲಿದೆ: ಸಂವಿಧಾನ ಕೊಟ್ಟ ಕ್ಷಮಾದಾನದ ಅಧಿಕಾರ, ರಾಜ್ಯಪಾಲರದು 161ನೇ ವಿಧಿ, ರಾಷ್ಟ್ರಪತಿಗಳದು 72ನೇ ವಿಧಿ. ರಾಷ್ಟ್ರಪತಿಗಳು ಸಾಕ್ಷ್ಯವನ್ನು ತಾವೇ ಮತ್ತೆ ನೋಡಿ ಕೋರ್ಟಿಗಿಂತ ಬೇರೆ ತೀರ್ಮಾನಕ್ಕೆ ಬರಬಹುದು ಎಂದು ಕೇಹರ್ ಸಿಂಗ್ ಪ್ರಕರಣದಲ್ಲಿ (1989) ಸುಪ್ರೀಂ ಕೋರ್ಟ್ ಹೇಳಿದೆ. ನಿರಪರಾಧಿ ಎಂಬ ವಾದಕ್ಕೆ ಜಾಗ ಇರುವುದು ಅಲ್ಲಿ. 473ರ ಕಡತದಲ್ಲಿ ತೀರ್ಪು ಸರಿ ಎಂದೇ ಹಿಡಿದು ಮುಂದುವರಿಯುತ್ತಾರೆ.

ಕಕ್ಷಿದಾರರ ಮನೆಯವರಿಗೆ ಒಂದು ಎಚ್ಚರಿಕೆ. ಮೇಲ್ಮನವಿ ಬಾಕಿ ಇರುವಾಗ ‘ತಪ್ಪಾಯಿತು, ಕ್ಷಮಿಸಿ’ ಎಂದು ಯಾರದೋ ಮಾತು ಕೇಳಿ ಜೈಲಿನಿಂದ ಅರ್ಜಿ ಬರೆಸಬೇಡಿ. ಅದೇ ಕಾಗದ ಮುಂದೆ ಮೇಲ್ಮನವಿಗೆ ಮುಳುವಾಗಬಹುದು. ಮಾಫಿ ಅರ್ಜಿಯಲ್ಲಿ ಕಳೆದ ಶಿಕ್ಷೆ, ನಡತೆ, ಕಲಿತ ಕೆಲಸ, ಆರೋಗ್ಯ, ಬಿಡುಗಡೆಯಾದರೆ ಎಲ್ಲಿ ಇರುತ್ತಾನೆ, ಇಷ್ಟು ಬರೆದರೆ ಸಾಕು.

ಪ್ರಶ್ನೆ (ಪತ್ರಿಕೋದ್ಯಮ ವಿದ್ಯಾರ್ಥಿ, ಕಲಬುರಗಿ): ಸರ್, 14 ವರ್ಷ ಆದರೆ ಬಿಡಲೇಬೇಕು ಅಂತಾರಲ್ಲ, ನಿಜವೇ? ಜೈಲಿನಲ್ಲಿ ಈ ಕಡತ ಹೇಗೆ ಓಡುತ್ತದೆ?

ಉತ್ತರ (ಕಾರಾಗೃಹ ಇಲಾಖೆಯ ನಿವೃತ್ತ ಅಧಿಕಾರಿ): ಜೀವಾವಧಿ ಅಂದರೆ ಉಸಿರಿರುವ ತನಕ. 1961ರ ಗೋಪಾಲ್ ವಿನಾಯಕ ಗೋಡ್ಸೆ ತೀರ್ಪಿನಿಂದ ಇದು ಇತ್ಯರ್ಥವಾದ ಮಾತು. 14 ವರ್ಷ ಎಂಬುದು ಬಿಡುಗಡೆಯ ದಿನಾಂಕ ಅಲ್ಲ, ಅದಕ್ಕಿಂತ ಮುಂಚೆ ಬಿಡಬಾರದು ಎಂಬ ಗಡಿ. ಅದೂ ಮರಣದಂಡನೆಗೆ ಅವಕಾಶವಿರುವ ಅಪರಾಧಕ್ಕೆ ಜೀವಾವಧಿ ಆದವರಿಗೆ ಮತ್ತು ಗಲ್ಲು ಜೀವಾವಧಿಗೆ ಇಳಿದವರಿಗೆ ಮಾತ್ರ (ಈಗ ನಾಗರಿಕ ಸುರಕ್ಷಾ ಸಂಹಿತೆಯ 475ನೇ ಕಲಮು, ಹಿಂದೆ 433ಎ). ಅತ್ಯಾಚಾರದ ಜೊತೆ ಕೊಲೆ ಸೇರಿದ್ದರೆ ಈ ಗಡಿ ಬರುತ್ತದೆ. ಬರೀ 10 ವರ್ಷದ ಶಿಕ್ಷೆಯಾದವನಿಗೆ ಇದರ ಸಂಬಂಧವೇ ಇಲ್ಲ, ಅವನ ಲೆಕ್ಕ ಜೈಲು ನಿಯಮದ ಮಾಫಿ ದಿನಗಳದ್ದು.

ಎಡವುವುದೇ ಲೆಕ್ಕದಲ್ಲಿ. ವಿಚಾರಣಾಧೀನನಾಗಿ ಒಳಗಿದ್ದ ದಿನಗಳು ಸೆಟ್-ಆಫ್ ಆಗಿ (ಅಂದರೆ ಶಿಕ್ಷೆಯ ಲೆಕ್ಕಕ್ಕೆ ಹಿಡಿದು) 14ಕ್ಕೆ ಸೇರುತ್ತವೆ. ಕೆಲಸ ಮಾಡಿ ಗಳಿಸಿದ ಮಾಫಿ ದಿನಗಳು ಸೇರುವುದಿಲ್ಲ. ಪೆರೋಲ್ (ತಾತ್ಕಾಲಿಕ ಬಿಡುಗಡೆ) ಮೇಲೆ ಹೊರಗಿದ್ದ ದಿನಗಳೂ ಸೇರುವುದಿಲ್ಲ, ಗೋವಾದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಮನೆಯವರು ಈ ಮೂರನ್ನೂ ಕೂಡಿಸಿಕೊಂಡು ‘16 ವರ್ಷ ಆಯ್ತಲ್ಲ ಸಾರ್’ ಎಂದು ಬರುತ್ತಾರೆ. ರಿಜಿಸ್ಟರ್ ತೆಗೆದು ನೋಡಿದರೆ ನಿಜವಾಗಿ ಒಳಗೆ ಕಳೆದದ್ದು 13 ಕೂಡ ಆಗಿರುವುದಿಲ್ಲ.

ಕಡತ ಹೊರಡುವುದು ಜೈಲು ಅಧೀಕ್ಷಕರ ಕಚೇರಿಯಿಂದ. ಕೈದಿಯ ವಿವರಗಳ ಪಟ್ಟಿಯಾದ ನಾಮಿನಲ್ ರೋಲ್‌ನಲ್ಲಿ ಕ್ರೈಂ ನಂಬರ್, ಕಲಮು, ಶಿಕ್ಷೆಯ ದಿನಾಂಕ, ಸೆಟ್-ಆಫ್, ಪೆರೋಲ್ ಮೇಲೆ ಹೋದದ್ದು ಮತ್ತು ತಡವಾಗಿ ಬಂದದ್ದು, ಜೈಲಿನೊಳಗಿನ ಶಿಕ್ಷೆಗಳು, ದಂಡ ಕಟ್ಟಿದ್ದಾನೋ ಇಲ್ಲವೋ, ಇಷ್ಟೂ ಇರುತ್ತದೆ. ಅದಕ್ಕೆ ತೀರ್ಪಿನ ಪ್ರತಿ, ಎಸ್‌ಪಿ ವರದಿ, ಪರಿವೀಕ್ಷಣಾಧಿಕಾರಿಯ (ಪ್ರೊಬೇಷನ್ ಆಫೀಸರ್) ವರದಿ ಸೇರುತ್ತವೆ. ಆಮೇಲೆ ಶಿಕ್ಷೆ ಕೊಟ್ಟ ಕೋರ್ಟಿನ ನ್ಯಾಯಾಧೀಶರ ಅಭಿಪ್ರಾಯ. ಅದು ‘ಅಪರಾಧ ಘೋರ, ಬಿಡಬಾರದು’ ಎಂದು ಒಂದು ಸಾಲಿನಲ್ಲಿ ಬಂದರೆ ಸಾಲದು, ಕಾರಣ ಬೇಕು. ಛತ್ತೀಸ್‌ಗಢದ ರಾಮ್ ಚಂದರ್ ಪ್ರಕರಣದಲ್ಲಿ (2022) ಇದೇ ಕಾರಣಕ್ಕೆ ಕಡತ ವಾಪಸ್ ಹೋಯಿತು.

ತಪ್ಪೊಪ್ಪಿಗೆ ನುಸುಳುವುದು ಪರಿವೀಕ್ಷಣಾಧಿಕಾರಿಯ ವರದಿಯಲ್ಲಿ. ‘ಪಶ್ಚಾತ್ತಾಪ ಕಂಡುಬಂದಿಲ್ಲ’ ಎಂಬ ಎರಡು ಪದ ಸಾಕು, ಬಿಡುಗಡೆ ಪರಿಶೀಲಿಸುವ ಮೇಲಿನ ಸಮಿತಿ ಅಲ್ಲಿಗೇ ಪುಟ ಮಡಚುತ್ತದೆ. ಅವನು ಜೈಲಿನಲ್ಲಿ ಏನು ಮಾಡಿದ, ಯಾರ ಜೊತೆ ಹೇಗಿದ್ದ ಎಂಬ ಉಳಿದ ನಾಲ್ಕು ಪುಟ ಯಾರೂ ಓದುವುದಿಲ್ಲ. ಇದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ಹಾಗೆಯೇ, ‘ತುಂಬಾ ಪಶ್ಚಾತ್ತಾಪ ಪಟ್ಟಿದ್ದಾನೆ’ ಎಂಬ ಸಾಲನ್ನು ಕಣ್ಣುಮುಚ್ಚಿ ನಂಬುವುದೂ ಅಷ್ಟೇ ತಪ್ಪು.

ಪ್ರಶ್ನೆ (ಓದುಗರು, ಮಂಗಳೂರು): ಬಿಲ್ಕಿಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಿಡುಗಡೆ ರದ್ದು ಮಾಡಿದ್ದು ಅವರಿಗೆ ಪಶ್ಚಾತ್ತಾಪ ಇರಲಿಲ್ಲ ಅಂತಲೇ?

ಉತ್ತರ (ವಕೀಲೆ): ಅಲ್ಲ. 2024ರ ಜನವರಿ 8ರ ತೀರ್ಪು ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ಉಜ್ಜಲ್ ಭುಯಾನ್ ಅವರದು (ನಾಗರತ್ನ ಅವರು ನಮ್ಮ ಹೈಕೋರ್ಟಿನಿಂದ ಹೋದವರು). ಅದು ನಿಂತಿರುವುದು ಅಧಿಕಾರದ ಪ್ರಶ್ನೆಯ ಮೇಲೆ. ಕೃತ್ಯ ನಡೆದದ್ದು ಗುಜರಾತಿನಲ್ಲಿ, ಆದರೆ ವಿಚಾರಣೆ ಮುಂಬೈಗೆ ವರ್ಗವಾಗಿ 2008ರ ಜನವರಿಯಲ್ಲಿ ಶಿಕ್ಷೆಯಾದದ್ದು ಅಲ್ಲಿನ ವಿಶೇಷ ಸಿಬಿಐ ಕೋರ್ಟಿನಲ್ಲಿ. ಕಾನೂನಿನ ಪ್ರಕಾರ ಶಿಕ್ಷೆ ಎಲ್ಲಿ ಆಯಿತೋ ಆ ರಾಜ್ಯದ ಸರ್ಕಾರವೇ ಮಾಫಿ ತೀರ್ಮಾನಿಸಬೇಕು. ಅಂದರೆ ಮಹಾರಾಷ್ಟ್ರ. ಗುಜರಾತ್ ಸರ್ಕಾರಕ್ಕೆ ಆ ಅಧಿಕಾರವೇ ಇರಲಿಲ್ಲ. ಗುಜರಾತ್ ಪರಿಗಣಿಸಲಿ ಎಂದು 2022ರ ಮೇ 13ರಂದು ಸುಪ್ರೀಂ ಕೋರ್ಟಿನಿಂದಲೇ ಬಂದಿದ್ದ ಆದೇಶವನ್ನು ಸಂಗತಿ ಮುಚ್ಚಿಟ್ಟು ಪಡೆದದ್ದು ಎಂದು ಕೋರ್ಟ್ ಅನೂರ್ಜಿತಗೊಳಿಸಿತು. ಎರಡು ವಾರದಲ್ಲಿ ಶರಣಾಗಿ ಎಂದಿತು, ಅವರು ಜನವರಿ 21ರಂದು ಜೈಲಿಗೆ ಮರಳಿದರು.

ಯಾವ ನೀತಿ ಅನ್ವಯ ಎಂಬ ಜಗಳವೂ ಇತ್ತು. ಗುಜರಾತಿನ 2014ರ ನೀತಿಯಲ್ಲಿ ಇಂಥ ಅಪರಾಧಿಗಳಿಗೆ ಬಾಗಿಲು ಮುಚ್ಚಿತ್ತು, 1992ರದರಲ್ಲಿ ತೆರೆದಿತ್ತು. ಹರಿಯಾಣದ ಜಗದೀಶ್ ಪ್ರಕರಣದಿಂದ (2010) ಬಂದ ನಿಯಮ ಹೀಗಿದೆ: ಶಿಕ್ಷೆಯಾದ ದಿನ ಜಾರಿಯಲ್ಲಿದ್ದ ನೀತಿ ನೋಡಬೇಕು, ನಂತರದ್ದು ಹೆಚ್ಚು ಉದಾರವಾಗಿದ್ದರೆ ಅದನ್ನು. ಆದ್ದರಿಂದ ಇವತ್ತು ನೀತಿ ಬಿಗಿ ಮಾಡಿದರೂ ಹಳೆಯ ಕೈದಿಗಳಿಗೆ ಅದು ತಟ್ಟುವುದಿಲ್ಲ. ನೀತಿ ಬದಲಿಸಿ ಎಂದು ಬೀದಿಗಿಳಿಯುವವರು ಇದನ್ನು ತಿಳಿದಿರಬೇಕು.

ಪ್ರಶ್ನೆ (ಓದುಗರು, ಹಾಸನ): ‘ಬದುಕಿನ ಉಳಿದ ಅವಧಿ ಪೂರ್ತಿ’ ಅಂತ ಶಿಕ್ಷೆ ಬಂದರೆ? 2025ರ ಆಗಸ್ಟ್ 2ರಂದು ಪ್ರಜ್ವಲ್ ರೇವಣ್ಣ ಅವರಿಗೆ ಆದದ್ದು ಅದೇ ಅಲ್ಲವೇ?

ಉತ್ತರ (ವಕೀಲೆ): ಹೌದು. 2013ರ ತಿದ್ದುಪಡಿಯ ನಂತರ ಕೆಲವು ಬಗೆಯ ಅತ್ಯಾಚಾರಕ್ಕೆ ಈ ಮಾತು ಕಾನೂನಿನಲ್ಲೇ ಇದೆ. ಆ ಪ್ರಕರಣದಲ್ಲಿ ಅವರು ಆರೋಪ ಅಲ್ಲಗಳೆದಿದ್ದಾರೆ, ಹೈಕೋರ್ಟ್‌ಗೆ ಮೇಲ್ಮನವಿ ಹೋಗಿದೆ. ಅದರ ಬಗ್ಗೆ ಇಲ್ಲಿ ಇನ್ನು ಹೆಚ್ಚು ಮಾತು ಬೇಡ.

ಇನ್ನೊಂದು ಬಗೆ ಇದೆ, ಕೋರ್ಟ್ ತಾನೇ ‘ಇಷ್ಟು ವರ್ಷ ಮಾಫಿ ಇಲ್ಲ’ ಎಂದು ಕಟ್ಟುವುದು. ಅದರ ಬೇರು ಬೆಂಗಳೂರಿನಲ್ಲೇ, 2008ರ ಸ್ವಾಮಿ ಶ್ರದ್ಧಾನಂದ ಕೊಲೆ ಪ್ರಕರಣದಲ್ಲಿದೆ. 2005ರಲ್ಲಿ ಬೆಂಗಳೂರಿನ ಕಾಲ್ ಸೆಂಟರ್ ಉದ್ಯೋಗಿಯ ಅತ್ಯಾಚಾರ, ಕೊಲೆ ಮಾಡಿದ ಚಾಲಕನಿಗೆ 2023ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ 30 ವರ್ಷ ನಿಗದಿ ಮಾಡಿತು. ಕೋರ್ಟ್ ಹೀಗೆ ಕಟ್ಟಿದಾಗ ಸರ್ಕಾರ 473 ಬಳಸುವಂತಿಲ್ಲ, ಆದರೆ 72 ಮತ್ತು 161ನೇ ವಿಧಿಗಳಿಗೆ ಬೀಗ ಬೀಳುವುದಿಲ್ಲ.

ಪ್ರಶ್ನೆ (ಕನ್ನಡಿಗರು, ಮ್ಯಾಂಚೆಸ್ಟರ್): ಇಲ್ಲಿ ಅತ್ಯಾಚಾರದ ಆರೋಪದಲ್ಲಿ ಶಿಕ್ಷೆಯಾಗಿದ್ದ ಆಂಡ್ರ್ಯೂ ಮಾಲ್ಕಿನ್ಸನ್ ಎಂಬುವರು ‘ಮಾಡಿಲ್ಲ’ ಎಂದದ್ದಕ್ಕೇ ಹೆಚ್ಚು ವರ್ಷ ಜೈಲಿನಲ್ಲಿ ಕಳೆದರು. ತಪ್ಪು ಒಪ್ಪದವರು ಮತ್ತೆ ಅಪರಾಧ ಮಾಡುವ ಸಂಭವ ಹೆಚ್ಚು ಎಂಬುದಕ್ಕೆ ಆಧಾರ ಇದೆಯೇ ಮೇಡಂ?

ಉತ್ತರ (ಕ್ಲಿನಿಕಲ್ ಸೈಕಾಲಜಿಸ್ಟ್): ಜನ ಅಂದುಕೊಂಡಷ್ಟು ಇಲ್ಲ. ಕಾರ್ಲ್ ಹ್ಯಾನ್ಸನ್ ಮತ್ತು ಮೋನಿಕ್ ಬುಸಿಯೇರ್ 1998ರಲ್ಲಿ 61 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದರು. ಅಪರಾಧ ನಿರಾಕರಿಸುವುದಕ್ಕೂ ಮತ್ತೆ ಲೈಂಗಿಕ ಅಪರಾಧ ಮಾಡುವುದಕ್ಕೂ ಹೆಚ್ಚುಕಡಿಮೆ ಸಂಬಂಧವೇ ಕಾಣಲಿಲ್ಲ. ಸಂಬಂಧ ಕಂಡದ್ದು ವಿಕೃತ ಲೈಂಗಿಕ ಆಸಕ್ತಿ, ಹಿಂದಿನ ಲೈಂಗಿಕ ಅಪರಾಧಗಳು, ಅಪರಿಚಿತರ ಮೇಲಿನ ದಾಳಿ, ಚಿಕಿತ್ಸೆಯನ್ನು ಅರ್ಧಕ್ಕೇ ಬಿಡುವುದು ಇಂಥವುಗಳಿಗೆ. ಒಳಗೆ ಕೂತು ಸರಿಯಾದ ಮಾತು ಆಡುವುದು ಚಿಕಿತ್ಸೆ ಫಲಿಸಿದ್ದಕ್ಕೆ ಪುರಾವೆಯೂ ಅಲ್ಲ. ಇಂಗ್ಲೆಂಡಿನ ಜೈಲುಗಳಲ್ಲಿ ದಶಕಗಳ ಕಾಲ ನಡೆದ ಲೈಂಗಿಕ ಅಪರಾಧಿಗಳ ಮುಖ್ಯ ಚಿಕಿತ್ಸಾ ಕಾರ್ಯಕ್ರಮವನ್ನು 2017ರಲ್ಲಿ ಅಳೆದಾಗ, ಅದನ್ನು ಮುಗಿಸಿದವರಲ್ಲಿ ಶೇ 10 ಮಂದಿ ಮತ್ತೆ ಲೈಂಗಿಕ ಅಪರಾಧ ಮಾಡಿದ್ದರು, ಮುಗಿಸದ ಹೋಲಿಕೆ ಗುಂಪಿನಲ್ಲಿ ಶೇ 8. ಅದನ್ನು ಕೈಬಿಟ್ಟರು.

ನಿರಾಕರಣೆಯಲ್ಲೂ ಬಗೆಗಳಿವೆ. ‘ಅದು ನಾನಲ್ಲ’, ‘ಅಂಥದ್ದು ನಡೆದೇ ಇಲ್ಲ’, ‘ಅವಳ ಒಪ್ಪಿಗೆ ಇತ್ತು’. ಮೊದಲನೆಯದನ್ನು ಡಿಎನ್‌ಎ ಪರೀಕ್ಷಿಸಬಹುದು, ಮೂರನೆಯದಕ್ಕೆ ಡಿಎನ್‌ಎ ಏನೂ ಹೇಳದು. ಮೂರನೆಯದರ ಹಿಂದೆ ‘ಹೆಂಗಸರು ಬೇಡ ಅಂದರೂ ಬೇಕು ಅಂತಲೇ ಅರ್ಥ’ ಎಂಬ ನಂಬಿಕೆ ಇದ್ದರೆ ಅದು ನಿಜಕ್ಕೂ ಅಪಾಯಕಾರಿ. ಕೇಳಬೇಕಾದದ್ದು ಆ ನಂಬಿಕೆಯ ಬಗ್ಗೆ.

ಮಾಲ್ಕಿನ್ಸನ್ ಅವರದು ‘ನಾನಲ್ಲ’. 2004ರಲ್ಲಿ ಜೀವಾವಧಿ ಶಿಕ್ಷೆಯಾಯಿತು, ಕನಿಷ್ಠ ಅವಧಿ ಏಳು ವರ್ಷಕ್ಕೂ ಕಡಿಮೆ ಇತ್ತು. ಹೊರಬಂದದ್ದು ಬಂಧನದಿಂದ ಲೆಕ್ಕ ಹಾಕಿದರೆ 17 ವರ್ಷ ಕಳೆದು 2020ರ ಡಿಸೆಂಬರ್‌ನಲ್ಲಿ. 2023ರ ಜುಲೈ 26ರಂದು ಹೊಸ ಡಿಎನ್‌ಎ ಆಧಾರದ ಮೇಲೆ ಶಿಕ್ಷೆಯೇ ರದ್ದಾಯಿತು. ನಿರಾಕರಣೆ ಒಂದೇ ಕಾರಣಕ್ಕೆ ಪೆರೋಲ್ ಬೋರ್ಡ್ (ಕೈದಿಯನ್ನು ಬಿಡಬಹುದೇ ಎಂದು ತೀರ್ಮಾನಿಸುವ ಮಂಡಳಿ) ಬಿಡುಗಡೆ ತಡೆಯುವಂತಿಲ್ಲ ಎಂದು ಅಲ್ಲಿನ ಕಾನೂನು ಹೇಳುತ್ತದೆ. ಆದರೆ ಆ ಹಳೆಯ ಚಿಕಿತ್ಸಾ ಕಾರ್ಯಕ್ರಮದಲ್ಲಿ ಒಪ್ಪದವನಿಗೆ ಜಾಗವಿರಲಿಲ್ಲ, ಕಾರ್ಯಕ್ರಮ ಮುಗಿಸದವನ ಅಪಾಯ ಕಡಿಮೆಯಾಗಿದೆ ಎಂದು ಬರೆಯುವವರಿರಲಿಲ್ಲ. ಹಾಗೆ ಸುತ್ತಿಬಳಸಿ ತಡೆ ಬೀಳುತ್ತಿತ್ತು.

ಎದುರು ತುದಿಯಲ್ಲಿ ಲಂಡನ್ನಿನ ಟ್ಯಾಕ್ಸಿ ಚಾಲಕ ಜಾನ್ ವಾರ್ಬಾಯ್ಸ್. 2009ರಲ್ಲಿ 12 ಮಹಿಳೆಯರ ಮೇಲಿನ 19 ಅಪರಾಧಗಳಿಗೆ ಶಿಕ್ಷೆಯಾಗಿ ವರ್ಷಗಟ್ಟಲೆ ನಿರಾಕರಿಸಿದ, 2015ರಲ್ಲಿ ಒಪ್ಪಿಕೊಂಡ. ಬೋರ್ಡ್ ಬಿಡಲು ಹೊರಟಿತು. 2018ರ ಮಾರ್ಚ್ 28ರಂದು ಹೈಕೋರ್ಟ್ ಅದನ್ನು ರದ್ದುಮಾಡಿತು. ಅವನ ಇತರ ಅಪರಾಧಗಳ ಬಗ್ಗೆ ಬೋರ್ಡ್ ಇನ್ನಷ್ಟು ವಿಚಾರಿಸಬೇಕಿತ್ತು ಎಂಬುದು ಕಾರಣ. 2019ರಲ್ಲಿ ಬೇರೆ ಮಹಿಳೆಯರ ಪ್ರಕರಣಗಳಲ್ಲಿ ಮತ್ತೆ ಜೀವಾವಧಿ ಶಿಕ್ಷೆಯಾಯಿತು. ಒಪ್ಪಿಗೆಯನ್ನೇ ಅಳತೆಗೋಲು ಮಾಡಿಕೊಂಡರೆ ನಿರಪರಾಧಿ ಒಳಗೆ ಉಳಿಯುತ್ತಾನೆ, ಚತುರ ಅಪರಾಧಿ ಹೊರಗೆ ಬರುತ್ತಾನೆ. ಈ ಎರಡು ಕಡತಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

ವಕೀಲೆ: ನಮ್ಮಲ್ಲೂ ಉದಾಹರಣೆ ಇದೆ. ಉತ್ತರ ಪ್ರದೇಶದ ಲಲಿತಪುರ ಜಿಲ್ಲೆಯ ಒಬ್ಬ ವ್ಯಕ್ತಿ ಅತ್ಯಾಚಾರದ ಆರೋಪದಲ್ಲಿ 2000ದಿಂದ ಒಳಗಿದ್ದ. ಜೈಲಿನಿಂದ ಹಾಕಿದ ಮೇಲ್ಮನವಿ ‘ನ್ಯೂನತೆ ಇದೆ’ ಎಂಬ ಷರಾದೊಂದಿಗೆ 16 ವರ್ಷ ಬಿದ್ದಿತ್ತು. ಅಲಹಾಬಾದ್ ಹೈಕೋರ್ಟ್ 2021ರ ಜನವರಿಯಲ್ಲಿ ಖುಲಾಸೆ ಮಾಡಿತು. 14 ವರ್ಷ ಕಳೆದ ಮೇಲೂ ಮಾಫಿ ಪರಿಗಣಿಸದ ಅಧಿಕಾರಿಗಳನ್ನು ಅದೇ ತೀರ್ಪಿನಲ್ಲಿ ಕೋರ್ಟ್ ತರಾಟೆಗೆ ತೆಗೆದುಕೊಂಡಿತು. ಈಗ 2025ರ ಫೆಬ್ರವರಿಯ ಸುಪ್ರೀಂ ಕೋರ್ಟ್ ಆದೇಶದಂತೆ, ನೀತಿ ಇರುವ ರಾಜ್ಯದಲ್ಲಿ ಅರ್ಹ ಕೈದಿ ಅರ್ಜಿ ಹಾಕದಿದ್ದರೂ ಸರ್ಕಾರ ತಾನಾಗಿ ಪರಿಗಣಿಸಬೇಕು. ಆದರೆ ತಪ್ಪಾಗಿ ಶಿಕ್ಷೆಯಾದವರಿಗೆ ಪರಿಹಾರದ ಕಾನೂನು ಬೇಕೆಂದು ಕಾನೂನು ಆಯೋಗ 2018ರಲ್ಲಿ 277ನೇ ವರದಿ ಕೊಟ್ಟದ್ದು ಅಲ್ಲಿಗೇ ನಿಂತಿದೆ.

ಪ್ರಶ್ನೆ (ಆಪ್ತ ಸಮಾಲೋಚಕಿ, ಬೆಳಗಾವಿ): ಇದರಲ್ಲಿ ಹೆಣ್ಣುಮಗಳ ಮಾತು ಕೇಳುವವರು ಯಾರು? ಅವನು ಹೊರಗೆ ಬಂದದ್ದು ಆಕೆಗೆ ಟಿವಿಯಿಂದ ಗೊತ್ತಾಗಬೇಕೇ?

ಉತ್ತರ (ವಕೀಲೆ): ಈ ಚರ್ಚೆಯಲ್ಲಿ ನನಗೆ ಅತ್ಯಂತ ನೋವು ಕೊಡುವ ಕೊರತೆ ಇದೇ. ಮಾಫಿ ಕೊಡುವ ಮೊದಲು ಸಂತ್ರಸ್ತೆಯನ್ನು ಕೇಳಲೇಬೇಕು ಎಂದು 473ರಲ್ಲಿ ಬರೆದಿಲ್ಲ. ಬಿಲ್ಕಿಸ್ ಅವರನ್ನೂ ಯಾರೂ ಕೇಳಿರಲಿಲ್ಲ. ಅಪರಾಧಿ ಒಪ್ಪಿದನೇ ಇಲ್ಲವೇ ಎಂದು ನಾವು ಜಗಳವಾಡುತ್ತೇವೆ, ಅವನು ಮರಳುವ ಊರಿನಲ್ಲೇ ಆಕೆ ಬದುಕುತ್ತಿದ್ದಾಳೆಯೇ ಎಂದು ಕೇಳುವ ಕಾಲಮ್ ಕಡತದಲ್ಲಿ ಇರಬೇಕು. ಷರತ್ತು ಹಾಕುವ ಅಧಿಕಾರ ಸರ್ಕಾರಕ್ಕಿದೆ: ಆ ತಾಲೂಕಿಗೆ ಕಾಲಿಡಬಾರದು, ಆಕೆಯನ್ನು ಸಂಪರ್ಕಿಸಬಾರದು, ಠಾಣೆಗೆ ಹಾಜರಿ ಹಾಕಬೇಕು. ಷರತ್ತು ಸ್ಪಷ್ಟವಾಗಿರಬೇಕು, ಪಾಲಿಸಲು ಆಗುವಂತಿರಬೇಕು. ಮುರಿದರೆ ನೋಟಿಸ್ ಕೊಟ್ಟು, ಉತ್ತರ ಕೇಳಿ ರದ್ದು ಮಾಡಬಹುದು (ಮಫಾಭಾಯಿ ಸಾಗರ್ ಪ್ರಕರಣ, 2024).

ಆಪ್ತ ಸಮಾಲೋಚಕರಾಗಿ ನೀವು ಮಾಡಬಹುದಾದದ್ದು ಇಷ್ಟು. ಶಿಕ್ಷೆ ಕೊಟ್ಟ ಕೋರ್ಟು, ಪ್ರಕರಣದ ಸಂಖ್ಯೆ, ಅವನಿರುವ ಜೈಲು, ಈ ಮೂರನ್ನು ಒಂದು ಹಾಳೆಯಲ್ಲಿ ಬರೆದಿಡಿ. ‘ಪೆರೋಲ್ ಅಥವಾ ಅವಧಿಪೂರ್ವ ಬಿಡುಗಡೆಯ ಯಾವ ಪ್ರಸ್ತಾವ ಬಂದರೂ ನನ್ನ ಅಹವಾಲು ಕೇಳಿ, ನನಗೆ ತಿಳಿಸಿ’ ಎಂದು ಆಕೆಯಿಂದ ಜೈಲು ಅಧೀಕ್ಷಕರಿಗೆ, ಗೃಹ ಇಲಾಖೆಗೆ, ಎಸ್‌ಪಿಗೆ ಮುಂಚೆಯೇ ರಿಜಿಸ್ಟ್ರೇಷನ್ ಸಹಿತ ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಹೋಗಲಿ, ಸ್ವೀಕೃತಿ ಚೀಟಿ ಜೋಪಾನ ಮಾಡಿ. ಅಪರಾಧ ನಡೆದ ಕ್ಷಣದಿಂದ ಪ್ರತಿ ಹಂತದಲ್ಲೂ ಸಂತ್ರಸ್ತರಿಗೆ ಅಹವಾಲು ಹೇಳುವ ಹಕ್ಕಿದೆ ಎಂದು ಜಗಜೀತ್ ಸಿಂಗ್ ಪ್ರಕರಣದಲ್ಲಿ (2022) ಸುಪ್ರೀಂ ಕೋರ್ಟ್ ಹೇಳಿದ್ದನ್ನು ಪತ್ರದಲ್ಲಿ ಉಲ್ಲೇಖಿಸಿ. ಅದು ಜಾಮೀನಿನ ಪ್ರಕರಣ, ಆದರೂ ವಾದಕ್ಕೆ ಬಲ ಕೊಡುತ್ತದೆ. ಆಕೆಯ ವಿಳಾಸ ಪತ್ರದಲ್ಲಿ ಬೇಡ, ವಕೀಲರ ಅಥವಾ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ವಿಳಾಸ ಕೊಡಿ. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ಅಲ್ಲಿ ವಕೀಲರ ನೆರವು ಉಚಿತ, ಸಹಾಯವಾಣಿ 15100.

ಬಿಡುಗಡೆ ಆಗಿಯೇಬಿಟ್ಟರೆ ಮೊದಲು ಆದೇಶದ ಪ್ರತಿ ಕೇಳಿ. ಯಾವ ರಾಜ್ಯ ಕೊಟ್ಟಿದೆ, ನ್ಯಾಯಾಧೀಶರ ಅಭಿಪ್ರಾಯ ಇದೆಯೇ, ಕಾರಣ ಬರೆದಿದ್ದಾರೆಯೇ, ಸಿಬಿಐ ತನಿಖೆಯಾಗಿದ್ದರೆ ಕೇಂದ್ರದ ಸಹಮತಿ ಇದೆಯೇ (477ನೇ ಕಲಮು) ಎಂದು ನೋಡಿ. ಒಂದು ಕಡೆ ತಪ್ಪಿದ್ದರೂ 226ನೇ ವಿಧಿಯಡಿ ಹೈಕೋರ್ಟ್‌ಗೆ ಹೋಗಬಹುದು. ಅರ್ಜಿಯಲ್ಲಿ ಆಕೆಯ ಹೆಸರನ್ನು ಮರೆಮಾಚಲು ಮೊದಲ ದಿನವೇ ಕೋರಿಕೊಳ್ಳಿ.